ಹ್ಞೂಂ ಅನ್ನಲು ಒಬ್ಬರು

2025ರ ಜೂನ್ 16, ಸೋಮವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಬಸವೇಶ್ವರನಗರದ ಠಾಣೆಗೆ ಬಂದ ದೂರು ಒಂದು ಪುಸ್ತಕದ ಕಳುವಿನದು. ಠಾಣೆಗೆ ಗೊತ್ತಿರುವ ಕಳುವೆಂದರೆ ಸರ, ಸ್ಕೂಟರು, ಮೊಬೈಲು. ಪುಸ್ತಕ ಎಂದ ಕೂಡಲೆ ಸ್ಟೇಷನ್ ರೈಟರ್ ಪೆನ್ನು ಕೆಳಗಿಟ್ಟು, "ಎಷ್ಟು ಬಂಡಲ್ ಸಾರ್?" ಎಂದು ಕೇಳಿದ್ದರಲ್ಲಿ ಅವನ ತಪ್ಪೇನೂ ಇಲ್ಲ.

"ಒಂದೇ ಪುಸ್ತಕ. ಇನ್ನೂ ಪ್ರಿಂಟ್ ಆಗಿಲ್ಲ."

"ಪ್ರಿಂಟೇ ಆಗದೆ ಇರೋದು ಕಳುವಾಗೋದು ಹೇಗೆ ಸಾರ್?"

ದೂರುದಾರ ಮಧ್ವೇಶ್, ವಯಸ್ಸು 44, ರಾಜಾಜಿನಗರದಲ್ಲಿ ಕೈಮರ ಪ್ರಕಾಶನ ನಡೆಸುವವನು. ಅಪ್ಪ ಕಟ್ಟಿದ ಸಂಸ್ಥೆ, ನಲವತ್ತೊಂದು ವರ್ಷದ್ದು. ಅಂಗಡಿಗಳಲ್ಲಿ ಪುಸ್ತಕ ಓಡುವುದು ನಿಂತ ಮೇಲೆ ಅವನು ಒಂದು ಆಡಿಯೋ ಆ್ಯಪ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ. ನೂರಾ ಹನ್ನೆರಡು ಪುಸ್ತಕಗಳನ್ನು ಕಂಪನಿಯ ಕಂಪ್ಯೂಟರ್ ದನಿ ಓದುತ್ತದೆ, ಜನ ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಕೇಳಿಕೊಳ್ಳುತ್ತಾರೆ. ಮೊದಲನೆಯದು ವಿಜಯನಗರದ ಹಿರಿಯ ಕಾದಂಬರಿಕಾರ ಸುಧೀಂದ್ರರ ಹೊಸ ಕಾದಂಬರಿ, 'ಹದಿನಾರನೇ ಮುಖ್ಯರಸ್ತೆ'. ಜುಲೈ 4ಕ್ಕೆ ಆ್ಯಪ್‌ನಲ್ಲಿ ಬಿಡುಗಡೆ, ಅಚ್ಚಿನ ಪ್ರತಿ ಆಗಸ್ಟಿನಲ್ಲಿ. ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ, ಕಾಲ ಹಾಗಿದೆ. ಆದರೆ ಜೂನ್ 12ರಿಂದ ಅದೇ ಕಾದಂಬರಿಯನ್ನು ಯಾರೋ ಹೆಂಗಸು ಓದಿದ ಆಡಿಯೋ ಟೆಲಿಗ್ರಾಂನಲ್ಲಿ ಪುಕ್ಕಟೆಯಾಗಿ ಹರಿದಾಡುತ್ತಿತ್ತು. ಮೂವತ್ತನಾಲ್ಕು ಅಧ್ಯಾಯಗಳಲ್ಲಿ ಮೂವತ್ತೊಂದು.

"ಕಂಪನಿಯೋರು ಲೆಟರ್ ಕಳ್ಸಿದಾರೆ. ಜುಲೈ ನಾಲ್ಕರೊಳಗೆ ಎಲ್ಲಿಂದ ಲೀಕ್ ಆಯ್ತು ಅಂತ ತೋರಿಸ್ಬೇಕಂತೆ, ಒಂದು ಕಾಪಿನೂ ಉಳೀದ ಹಾಗೆ ಅಳಿಸ್ಬೇಕಂತೆ. ಇಲ್ಲಾಂದ್ರೆ ನೂರಾ ಹನ್ನೆರಡೂ ಕ್ಯಾನ್ಸಲ್," ಎಂದ ಮಧ್ವೇಶ್. "ಆಮೇಲೆ ಬಾಗಿಲು ಹಾಕೋದೊಂದೇ ನನಗೆ ಉಳಿಯೋದು."

ಇನ್ಸ್‌ಪೆಕ್ಟರ್ ರುದ್ರೇಶ ಕೃತಿಸ್ವಾಮ್ಯ ಕಾಯ್ದೆಯ ಕಲಂ 63ರ ಅಡಿ ಎಫ್‌ಐಆರ್ ದಾಖಲಿಸಿದ. ರುದ್ರೇಶನಿಗೆ ಕಾದಂಬರಿ ಓದುವ ಅಭ್ಯಾಸವಿಲ್ಲ, ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. "ನಾನು ಓದೋದೆಲ್ಲ ಕೇಸ್ ಫೈಲು. ಅದರಲ್ಲೇ ಬೇಕಾದಷ್ಟು ಕತೆ ಇರುತ್ತೆ," ಎಂದು ಹೇಳಿ, ಮೊದಲನೇ ಅಧ್ಯಾಯವನ್ನು ಮೊಬೈಲಿನಲ್ಲಿ ಹಾಕಿಸಿದ.

ವಯಸ್ಸಾದ ಹೆಂಗಸಿನ ದನಿ. ಸ್ಪಷ್ಟವಾಗಿತ್ತು, ಅವಸರವಿರಲಿಲ್ಲ. "ಗೇಟು ತೆರೆದೇ ಇತ್ತು ಫುಲ್‌ಸ್ಟಾಪ್ ಶಾರದೆ ಚಪ್ಪಲಿ ಬಿಟ್ಟು ಕಾಮಾ ಒಂದು ನಿಮಿಷ ನಿಂತು ಕಾಮಾ ಒಳಗೆ ಹೋದಳು ಫುಲ್‌ಸ್ಟಾಪ್ ಪ್ಯಾರಾ."

"ಇದೇನ್ರೀ ಇದು, ಕಾಮಾ ಗೀಮಾ ಎಲ್ಲಾ ಓದ್ತಾ ಇದಾಳೆ?"

"ಅದೇ ನನಗೂ ಗೊತ್ತಾಗ್ತಿಲ್ಲ ಸಾರ್. ಆದ್ರೂ ಹನ್ನೊಂದು ಸಾವಿರ ಜನ ಕೇಳಿಬಿಟ್ಟಿದಾರೆ."

ರುದ್ರೇಶ ಎಡವಿದ್ದು ಇಲ್ಲಿಯೇ. ಕಾಮಾ ಫುಲ್‌ಸ್ಟಾಪು ಎಲ್ಲವನ್ನೂ ಒಟ್ಟಿಗೆ ಓದಿಬಿಡುವಷ್ಟು ಪೆದ್ದುತನ ಮನುಷ್ಯರಿಗೆ ಇರುವುದಿಲ್ಲ, ಇದು ಕಂಪನಿಯದೇ ಕಂಪ್ಯೂಟರ್ ದನಿಯ ಯಾವುದೋ ಹಳೇ ಟ್ರಯಲ್ಲು, ಒಳಗಿನವರೇ ಹೊರಗೆ ಬಿಟ್ಟಿದ್ದಾರೆ ಎಂದು ಅವನು ತೀರ್ಮಾನಿಸಿದ. ಟೆಲಿಗ್ರಾಂನವರಿಗೆ ಒಂದು ನೋಟಿಸ್ ಹೋಯಿತು, ಉತ್ತರ ಬರಲಿಲ್ಲ. 17 ಮತ್ತು 18, ಎರಡು ಪೂರ್ತಿ ದಿನ ಅವನು ಕಂಪನಿಯ ಆಫೀಸಿನಲ್ಲಿ ಕೂತು ಎಂಜಿನಿಯರುಗಳನ್ನು ಒಬ್ಬೊಬ್ಬರಾಗಿ ವಿಚಾರಿಸಿದ. ಅವರು ಕಾಫಿ ಕೊಟ್ಟರು, ತಮ್ಮ ದನಿಗೆ ಉಸಿರೇ ಇರುವುದಿಲ್ಲ ಸಾರ್ ಎಂದು ವಿನಯದಿಂದ ತಿಳಿಸಿ ಕಳಿಸಿದರು.

19ರಂದು ಬೆಳಿಗ್ಗೆ ಮಹಿಳಾ ಕಾನ್ಸ್‌ಟೇಬಲ್ ರಂಜಿನಿ ಕಿವಿಯಿಂದ ಇಯರ್‌ಫೋನ್ ತೆಗೆಯುತ್ತ ಬಂದಳು. ಉಲ್ಲಾಳ ಉಪನಗರದಿಂದ ಬಸ್ಸಿನಲ್ಲಿ ಓಡಾಡುವವಳು. ಮೂರು ದಿನದಲ್ಲಿ ಮೂವತ್ತೊಂದೂ ಕೇಳಿ ಮುಗಿಸಿದ್ದಳು.

"ಸಾರ್, ಇದು ಮೆಷೀನ್ ಅಲ್ಲ. ಪ್ರತಿ ಸಾಲು ಆದ್ಮೇಲೆ ಸ್ವಲ್ಪ ದೂರದಿಂದ ಒಬ್ರು ಗಂಡಸು 'ಹ್ಞೂಂ' ಅಂತಾರೆ. ಜೋರಾಗಿಟ್ರೆ ಕೇಳುತ್ತೆ."

"ಎಲ್ಲಾ ಅಧ್ಯಾಯದಲ್ಲೂ?"

"ಇಪ್ಪತ್ಮೂರರವರೆಗೆ. ಇಪ್ಪತ್ನಾಲ್ಕರಿಂದ ಆ ದನಿ ಇಲ್ಲ. ಆದ್ರೆ ಆಯಮ್ಮ ಪ್ರತಿ ಸಾಲಿಗೂ ಮೊದಲಿನಷ್ಟೇ ಹೊತ್ತು ನಿಲ್ಲಿಸ್ತಾರೆ ಸಾರ್." ರಂಜಿನಿ ಫೋನನ್ನು ಮೇಜಿನ ಮೇಲಿಟ್ಟಳು. "ಇನ್ನೊಂದು. 'ವರ್ಷ' ಅಂತ ಓದಿ, 'ಹೊಟ್ಟೆ ಸೀಳಿದ ಷ' ಅಂತಾರೆ. ಯಾವ ಕಂಪ್ಯೂಟರ್ ಹಾಗನ್ನುತ್ತೆ?"

ಪಕ್ಕದ ಮೇಜಿನಲ್ಲಿ ಸಮನ್ಸುಗಳನ್ನು ಜೋಡಿಸುತ್ತಿದ್ದ ಹೆಡ್ ಕಾನ್ಸ್‌ಟೇಬಲ್ ಚಿಕ್ಕಹನುಮಯ್ಯ ತಲೆಯೆತ್ತಿದ. ನಿವೃತ್ತಿಗೆ ಇನ್ನು ಒಂದು ವರ್ಷ. ಯಾರ ಕೇಸಿಗೂ ತಾನಾಗಿ ತಲೆ ಹಾಕುವವನಲ್ಲ. ಎದ್ದು ಬಂದು ಇಯರ್‌ಫೋನ್ ಕೇಳಿ ಪಡೆದು ಎರಡು ನಿಮಿಷ ಆಲಿಸಿದ.

"ಇವರು ಕಾಪಿ ಹೋಲ್ಡರ್ ಸಾರ್."

"ಹಂಗಂದ್ರೆ?"

"ಇಲಾಖೆಗೆ ಸೇರೋ ಮುಂಚೆ ನಾನು ಎರಡು ವರ್ಷ ಪ್ರೆಸ್ಸಲ್ಲಿ ಬಂಡಲ್ ಕಟ್ತಿದ್ದೆ. ಆಗ ಪ್ರೂಫ್ ನೋಡೋಕೆ ಇಬ್ರು ಎದುರು ಬದುರು ಕೂರೋರು. ಒಬ್ರು ಸಾಹಿತಿಗಳ ಕೈಬರಹದ ಕಾಪಿ ಹಿಡ್ಕೊಂಡು ಗಟ್ಟಿಯಾಗಿ ಓದೋದು. ಎಲ್ಲಿ ಕಾಮಾ, ಎಲ್ಲಿ ಪ್ಯಾರಾ, ಯಾವ ಷ, ಯಾವ ಳ, ಒಂದೂ ಬಿಡೋ ಹಾಗಿಲ್ಲ. ಎದುರಿಗಿರೋರು ಅಚ್ಚಾದ ಹಾಳೆ ಮೇಲೆ ಬೆರಳಿಟ್ಕೊಂಡು, ಸರಿ ಇದ್ರೆ ಹ್ಞೂಂ ಅನ್ನೋದು. ಹ್ಞೂಂ ಅನ್ನೋವರೆಗೂ ಮುಂದಿನ ಸಾಲಿಗೆ ಹೋಗಬಾರದು. ಅದಕ್ಕೇ ಈ ಯಮ್ಮ ಕಾಯ್ತಾ ಇರೋದು."

ಎರಡು ದಿನ ಕಂಪನಿಯ ಕಾಫಿ ಕುಡಿದದ್ದು ರುದ್ರೇಶನ ಗಂಟಲಲ್ಲಿ ಕಹಿಯಾಯಿತು. ಮಧ್ಯಾಹ್ನ 3 ಗಂಟೆಗೆ ಮಧ್ವೇಶನನ್ನು ಕರೆಸಿದ.

"ನಿಮ್ಮ ಪ್ರಕಾಶನದಲ್ಲಿ ಕಾಪಿ ಹೋಲ್ಡರ್ ಇದ್ರಾ?"

"ಇದ್ರು. ಮುನಿರಾಮಯ್ಯ ಅಂತ ಪ್ರೂಫ್ ರೀಡರ್, ಅವರ ಹೆಂಡತಿ ರಾಮಕ್ಕ ಓದೋರು. ಗಂಡ ಹೆಂಡತಿ ಒಂದೇ ಮೇಜಿನ ಆಚೆ ಈಚೆ, ಇಪ್ಪತ್ತೆಂಟು ವರ್ಷ."

"ಈಗ?"

"ಮೂರು ವರ್ಷದ ಹಿಂದೆ ಬಿಡಿಸ್ದೆ. ತಪ್ಪು ಹುಡುಕೋಕೆ ಈಗ ಸಾಫ್ಟ್‌ವೇರ್ ಇದೆ."

"ದನಿ ಕೇಳಿ ಗುರುತು ಸಿಗ್ಲಿಲ್ವಾ?"

"ಅವರು ಮಹಡಿ ಮೇಲಿನ ರೂಮಲ್ಲಿ ಕೂರೋರು ಸಾರ್. ಅಪ್ಪ ಹೋದ್ಮೇಲೆ ನಾನು ಬ್ಯಾಂಕ್ ಕೆಲ್ಸ ಬಿಟ್ಟು ಬಂದೆ, ವರ್ಷ ತುಂಬೋದ್ರೊಳಗೆ ಅವರನ್ನ ಕಳಿಸಿದೆ." ಮಧ್ವೇಶ್ ಕೈಯಲ್ಲಿದ್ದ ಫೋನನ್ನು ಬೋರಲು ಹಾಕಿದ. "ಮೆಟ್ಟಿಲು ಹತ್ತಿ ಹೋಗಿ ಅವರು ಓದೋದನ್ನ ಒಂದಿನಾನೂ ಕೇಳ್ಲಿಲ್ಲ."

ಕೆಲಸ ಬಿಟ್ಟವರ ಕೈಗೆ ಹೊಸ ಕಾದಂಬರಿ ಹೋದದ್ದು ಹೇಗೆ ಎಂಬುದೊಂದು ಉಳಿಯಿತು. ಅದಕ್ಕೆ 20ರ ಬೆಳಿಗ್ಗೆ ಹತ್ತೂವರೆಗೆ ವಿಜಯನಗರದಲ್ಲಿ ಸುಧೀಂದ್ರರ ಮನೆ. ಎಪ್ಪತ್ತೊಂಬತ್ತರ ಹಿರಿಯರು, ಈಗಲೂ ಕೈಯಲ್ಲೇ ಬರೆಯುವವರು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ.

"ನಾನೇ ಕೊಟ್ಟೆ. ಮಾರ್ಚ್‌ನಲ್ಲಿ ಜೆರಾಕ್ಸ್ ಮಾಡ್ಸಿ ಆಟೋದಲ್ಲಿ ಕಳಿಸಿದೆ."

"ಪ್ರಕಾಶಕರಿಗೆ ಹೇಳಿದ್ರಾ?"

"ಇಲ್ಲ. ಹೇಳಿದ್ರೆ ಬೇಡ ಅಂತಿದ್ದ. ನನ್ನ ಯಾವ ಪುಸ್ತಕವೂ ಮುನಿರಾಮಯ್ಯ ನೋಡದೆ ಹೊರಗೆ ಹೋಗಿಲ್ಲ, ಇನ್‌ಸ್ಪೆಕ್ಟ್ರೇ. ಎಂಬತ್ತೆರಡನೇ ಪುಟದಲ್ಲಿ ಶಾರದೆಯ ತಮ್ಮ ಎಡಗೈಯವನು, ಇನ್ನೂರನೇ ಪುಟದಲ್ಲಿ ಬಲಗೈಯಲ್ಲಿ ಕಾಗದ ಬರೀತಾನೆ, ಸರಿಮಾಡಿ ಅಂತ ಬರೆದು ಕಳಿಸ್ದ. ಇದನ್ನ ಯಾವ ಸಾಫ್ಟ್‌ವೇರ್ ಹಿಡಿಯುತ್ತೆ?"

ವಾರಕ್ಕೊಂದು ತಿದ್ದುಪಡಿಯ ಚೀಟಿ ಬರುತ್ತಿತ್ತಂತೆ. ಅಕ್ಷರ ರಾಮಕ್ಕನದು, ಇವರ ಕೈ ನಡುಗುತ್ತೆ, ಅದಕ್ಕೆ ನಾನು ಬರೀತಾ ಇದೀನಿ ಅಂತ ಮೊದಲ ಚೀಟಿಯಲ್ಲೇ ಇತ್ತು. ಮೇ ಕೊನೆಯಿಂದ ಚೀಟಿ ಬಂದಿಲ್ಲ.

"ಮುನಿರಾಮಯ್ಯ ಹುಷಾರಾಗಿದಾನೆ ತಾನೆ?" ಎಂದು ಸುಧೀಂದ್ರರು ಕೇಳಿದರು.

ಅದೇ ದಿನ ಮಧ್ಯಾಹ್ನ 1 ಗಂಟೆ 10 ನಿಮಿಷ. ಕಾಮಾಕ್ಷಿಪಾಳ್ಯದಲ್ಲಿ ಗಾರ್ಮೆಂಟ್ಸ್ ಯೂನಿಟ್ಟಿನ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೊಂದು ಕೋಣೆ, ಒಂದು ಅಡುಗೆಮನೆ. ರಾಮಕ್ಕನಿಗೆ ಅರವತ್ತಮೂರು ವರ್ಷ. ಯೂನಿಟ್ಟಿನಲ್ಲಿ ಹೊಲಿದ ಶರಟುಗಳ ಉಳಿದ ದಾರ ಕತ್ತರಿಸುವ ಕೆಲಸ. ಊಟದ ಬಿಡುವಿಗೆ ಮನೆಗೆ ಬಂದಿದ್ದರು. ಕೋಣೆಯಲ್ಲಿ ಒಂದು ಮೇಜು, ಎದುರು ಬದುರು ಎರಡು ಕುರ್ಚಿ. ಗೋಡೆಯ ಮೇಲೆ ಮುನಿರಾಮಯ್ಯನವರ ಫೋಟೋ, ಫೋಟೋಕ್ಕೆ ಹಾರ. ಕೆಳಗೆ ದಿನಾಂಕ: 27-5-2025.

ರಂಜಿನಿ ಫೋನಿನಲ್ಲಿ ಒಂದು ಸಾಲು ಕೇಳಿಸಿದಳು.

"ಇದು ನಿಮ್ಮ ದನಿನಾ ಅಮ್ಮಾ?"

"ನಂದೇ."

"ಹ್ಞೂಂ ಅನ್ನೋರು?"

ರಾಮಕ್ಕ ಗೋಡೆಯ ಕಡೆ ನೋಡಿದರು.

"ಅವರಿಗೆ ಶುಗರ್‌ನಿಂದ ಎರಡೂ ಕಣ್ಣು ಹೋಗಿ ಎರಡು ವರ್ಷ ಆಗಿತ್ತು," ಎಂದು ಅವರೇ ಶುರುಮಾಡಿದರು. "ಸುಧೀಂದ್ರ ಸಾರ್‌ಗೆ ತಿಳಿಸಬೇಡ ಅಂದ್ರು. ಕುರುಡನ ಕೈಗೆ ಪ್ರೂಫ್ ಯಾರು ಕೊಡ್ತಾರೆ ಅಂತ. ಸಾಯಂಕಾಲ ನಾನು ಓದ್ತಿದ್ದೆ, ಅವರು ಕಿವಿಯಲ್ಲೇ ತಪ್ಪು ಹಿಡಿಯೋರು. ನಾನು ಗಾರ್ಮೆಂಟ್ಸಿಗೆ ಹೋದ್ಮೇಲೆ ಹಗಲೆಲ್ಲ ಒಬ್ರೇ. ಅದಕ್ಕೆ ಫೋನಲ್ಲಿ ರೆಕಾರ್ಡ್ ಮಾಡಿಟ್ಟು ಹೋಗ್ತಿದ್ದೆ. ಹಿಂದಿನ ದಿನದ್ದನ್ನ ಮತ್ತೆ ಕೇಳಿ, ಬಿಟ್ಟುಹೋಗಿರೋದನ್ನ ನೆನಪಿಟ್ಕೊಂಡು ಹೇಳೋರು."

"ಹೊರಗೆ ಹೇಗೆ ಹೋಯ್ತು?"

"ನಾನೇ ಕಳಿಸಿದೆ."

"ಯಾಕೆ?"

ರಂಜಿನಿ ನೀರು ತಂದುಕೊಟ್ಟಳು.

"ಹದಿಮೂರನೇ ದಿನ ಎಲ್ಲಾ ಮುಗಿಸಿ, ಇಪ್ಪತ್ನಾಲ್ಕನೇ ಅಧ್ಯಾಯ ತೆಗೆದು ಕೂತೆ. ಒಪ್ಕೊಂಡಿರೋ ಕೆಲ್ಸ, ಅರ್ಧಕ್ಕೆ ಬಿಡಬಾರದಲ್ಲ. ಒಂದು ಸಾಲು ಓದಿದೆ, ನಿಲ್ಲಿಸಿದೆ. ಆ ಕಡೆಯಿಂದ ಹ್ಞೂಂ ಬರಲಿಲ್ಲ. ಬರಲ್ಲ ಅಂತ ಗೊತ್ತು ಸಾರ್. ಆದ್ರೂ ಮುಂದಿನ ಸಾಲಿಗೆ ಹೋಗೋಕೆ ಬಾಯಿ ಏಳಲಿಲ್ಲ. ಅವರು ಕಣ್ಣಾಸ್ಪತ್ರೆಯಲ್ಲಿ ಕ್ಯೂ ನಿಂತಾಗ ಪರಿಚಯ ಆದೋರದ್ದು ಒಂದು ವಾಟ್ಸ್ಯಾಪ್ ಗ್ರೂಪ್ ಇತ್ತು. ಏಳು ಜನ, ಎಲ್ರೂ ಕಣ್ಣಿಲ್ಲದೋರೇ. ಮೊದಲಿಂದ ಎಲ್ಲಾ ಅವರಿಗೆ ಹಾಕಿದೆ. ಕೇಳ್ತಾ ಇದ್ರೆ ಹ್ಞೂಂ ಅನ್ನಿ ಅಂದೆ. ಒಬ್ಬೊಬ್ರೇ ಹ್ಞೂಂ ಅಂತ ವಾಯ್ಸ್ ಕಳಿಸಿದ್ರು. ಆಮೇಲೆ ಓದಕ್ಕಾಯ್ತು."

"ಪ್ರಿಂಟ್ ಆಗ್ದೇ ಇರೋ ಪುಸ್ತಕ ಹೊರಗೆ ಕೊಡಬಾರ್ದು ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಪ್ರೆಸ್ಸಲ್ಲಿ ಮೊದಲನೇ ದಿನ ಕಲಿಸೋದೇ ಅದನ್ನ. ಕಾಪಿ ಮೇಜು ಬಿಟ್ಟು ಹೋಗಬಾರದು. ಇಪ್ಪತ್ತೆಂಟು ವರ್ಷದಲ್ಲಿ ನಮ್ಮ ಮೇಜಿಂದ ಒಂದು ಹಾಳೆ ಆಚೆ ಹೋಗಿಲ್ಲ." ರಾಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ತಪ್ಪು ಮಾಡಿದೀನಿ ಸಾರ್. ಇಲ್ಲ ಅನ್ನಲ್ಲ."

"ಕೊನೇ ಮೂರು ಅಧ್ಯಾಯ ಎಲ್ಲಿ?"

"ಓದಿಲ್ಲ, ಹಾಗೇ ಇಟ್ಟಿದೀನಿ. ಅದೂ ಮುಗಿದ್ರೆ ಮತ್ತೆ ನನಗೆ ಕಾಪಿ ಯಾರು ಕೊಡ್ತಾರೆ?"

ಪಂಚನಾಮೆ ಶುರುವಾದದ್ದು 2 ಗಂಟೆ 5 ನಿಮಿಷಕ್ಕೆ. ಪಂಚರಾಗಿ ಕೆಳಗಿನ ಮನೆಯವರು ಒಬ್ಬರು, ಓಣಿಯ ದರ್ಜಿ ಒಬ್ಬರು. ಜಪ್ತಿ ಮಾಡಿದ್ದು: ಕಾದಂಬರಿಯ ಜೆರಾಕ್ಸ್ ಪ್ರತಿ ಒಂದು, ಗಾಜು ಒಡೆದ ಮೊಬೈಲ್ ಒಂದು. ಚಿಕ್ಕಹನುಮಯ್ಯ ಮೊಬೈಲನ್ನು ಕವರಿಗೆ ಹಾಕಿ ಅರಗು ಕಾಯಿಸತೊಡಗಿದಾಗ ರಾಮಕ್ಕ ಮೊದಲ ಸಲ ಎದ್ದು ನಿಂತರು.

"ಅದನ್ನ ಅಳಿಸಿಬಿಡ್ತೀರಾ?"

ಒಂದು ಪ್ರತಿಯೂ ಉಳಿಯಬಾರದು ಎಂಬ ಕಂಪನಿಯ ಪತ್ರ ಫೈಲಿನಲ್ಲೇ ಇತ್ತು.

"ಬೇರೆಯೋರ ಹತ್ರ ಇರೋದನ್ನೆಲ್ಲ ಹೇಗೂ ಅಳಿಸ್ತೀರಿ, ಅವರ ದನಿ ಉಳಿಯೋದು ಅದೊಂದರಲ್ಲೇ ಸಾರ್. ಫೋಟೋ ಇದೆ, ಬಟ್ಟೆ ಇದೆ, ಕನ್ನಡಕ ಇದೆ. ದನಿ ಬೇರೆಲ್ಲೂ ಇಲ್ಲ. ಬೇಕಾದ್ರೆ ನನ್ನ ಓದೆಲ್ಲಾ ತೆಗೆದುಹಾಕಿ. ಅವರದೊಂದು ಬಿಡಿ."

ರಂಜಿನಿ ಅಡುಗೆಮನೆಯ ಕಡೆ ತಿರುಗಿ ನಿಂತಳು. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ರುದ್ರೇಶ ಎಷ್ಟೋ ಮನೆಗಳಿಂದ ಏನೇನೋ ಜಪ್ತಿ ಮಾಡಿಕೊಂಡು ಹೋಗಿದ್ದಾನೆ. ಅಂದು ಮೆಟ್ಟಿಲಿಳಿಯುವಾಗ ಅವನಿಗೆ ತನ್ನ ಕೆಲಸದ ಮೇಲೇ ಬೇಸರವಾಯಿತು. ಸಂಜೆ 4 ಗಂಟೆ 10 ನಿಮಿಷಕ್ಕೆ, ಮಹಿಳಾ ಕಾನ್ಸ್‌ಟೇಬಲ್ ಸಮ್ಮುಖದಲ್ಲಿ, ರಾಮಕ್ಕನ ಬಂಧನವನ್ನು ದಾಖಲಿಸಲಾಯಿತು.

ಮರುದಿನ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು, ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಹಾಕಬೇಕೆಂಬ ಷರತ್ತಿನ ಮೇಲೆ. ಜಾಮೀನಿಗೆ ನಿಂತವರು ಸುಧೀಂದ್ರರು. ಮುನಿರಾಮಯ್ಯ ಹೋದ ಸುದ್ದಿ ಅವರಿಗೆ ಪೊಲೀಸರಿಂದಲೇ ತಿಳಿಯಿತು. ಕೋರ್ಟಿನ ಬೆಂಚಿನ ಮೇಲೆ ಅವರೂ ರಾಮಕ್ಕನೂ ಒಂದು ಗಂಟೆ ಕೂತಿದ್ದರು. ಅದೇ ಮಧ್ಯಾಹ್ನ ಉಲ್ಲಾಳದ ಶಶಿಕುಮಾರ್ ಎಂಬುವರು ಬಿಳಿ ಕೋಲು ಹಿಡಿದು ತಾವಾಗಿಯೇ ಠಾಣೆಗೆ ಬಂದರು. ಆ ಏಳು ಜನರಲ್ಲಿ ಒಬ್ಬರು. "ಚೆನ್ನಾಗಿದೆ ಅಂತ ನಾನೇ ಒಬ್ಬ ಫ್ರೆಂಡಿಗೆ ಫಾರ್ವರ್ಡ್ ಮಾಡ್ದೆ ಸಾರ್. ಅವನು ಟೆಲಿಗ್ರಾಂಗೆ ಹಾಕಿದಾನೆ. ಅಮ್ಮನ್ನ ಬಿಟ್ಟುಬಿಡಿ," ಎಂದರು. ಅವರ ಹೇಳಿಕೆ ಪಡೆದು ನೋಟಿಸ್ ಕೊಟ್ಟು ಕಳಿಸಲಾಯಿತು. ಟೆಲಿಗ್ರಾಂನಲ್ಲಿದ್ದುದನ್ನು ಆ ಸ್ನೇಹಿತ ಅಂದೇ ತೆಗೆದುಹಾಕಿದ, ಗ್ರೂಪಿನ ಏಳು ಜನರೂ ತಮ್ಮ ಫೋನುಗಳಿಂದ ಅಳಿಸಿದರು. ಕುರುಡರಿಗಾಗಿ ಓದಿದರೆ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ; ಇನ್ನೂ ಪ್ರಕಟವಾಗದ ಪುಸ್ತಕಕ್ಕೆ ಅದು ಸಲ್ಲುತ್ತದೋ ಇಲ್ಲವೋ, ತೀರ್ಮಾನ ಕೋರ್ಟಿನದು.

ಜುಲೈ 4ಕ್ಕೆ ಕಾದಂಬರಿ ಆ್ಯಪ್‌ನಲ್ಲಿ ಬಿಡುಗಡೆಯಾಯಿತು. ಕಂಪ್ಯೂಟರ್ ದನಿ ಮೂವತ್ತನಾಲ್ಕೂ ಅಧ್ಯಾಯಗಳನ್ನು ಎಲ್ಲಿಯೂ ನಿಲ್ಲದೆ ಓದಿ ಮುಗಿಸಿತು. 7ರಂದು ಮಧ್ವೇಶ್ ಬಂದ. ಪ್ರಕಾಶನ ಉಳಿದಿತ್ತು, ಆದರೆ ಮುಖದಲ್ಲಿ ಗೆಲುವಿರಲಿಲ್ಲ.

"ಕಂಪ್ಲೇಂಟ್ ವಾಪಸ್ ತಗೋಬಹುದಾ ಸಾರ್?"

"ಎಫ್‌ಐಆರ್ ಡಿಲೀಟ್ ಮಾಡೋ ಬಟನ್ ನಮ್ಮಲ್ಲಿಲ್ಲ."

"ಕಂಪನಿಯೋರು ಆ ಫೋನಲ್ಲಿರೋದನ್ನೂ ಅಳಿಸಿದೀವಿ ಅಂತ ಸರ್ಟಿಫಿಕೇಟ್ ಕೇಳ್ತಿದಾರೆ."

"ಅದು ಕೋರ್ಟಿನ ಸಾಕ್ಷ್ಯ, ಅಳಿಸೋಕೆ ಯಾರಪ್ಪನ ಕೈಲೂ ಆಗಲ್ಲ ಅಂತ ಬರೀರಿ. ಬೇಕಾದ್ರೆ ನಾನೇ ಸೈನ್ ಹಾಕಿ ಕೊಡ್ತೀನಿ," ಎಂದ ರುದ್ರೇಶ.

ಮಧ್ವೇಶ್ ತಲೆಯಾಡಿಸಿದ. ಹೋಗುವಾಗ, ಮಹಡಿ ಮೇಲಿನ ರೂಮನ್ನು ಹೋದ ವರ್ಷವೇ ಬಾಡಿಗೆಗೆ ಕೊಟ್ಟುಬಿಟ್ಟೆ ಎಂದು ತನ್ನಷ್ಟಕ್ಕೇ ಹೇಳಿಕೊಂಡು ಹೋದ.

14ರಂದು ಸೋಮವಾರ ಚಿಕ್ಕಹನುಮಯ್ಯ ದೋಷಾರೋಪ ಪಟ್ಟಿಗೆ ಸಾಕ್ಷ್ಯಗಳ ಯಾದಿ ಬರೆಯುತ್ತಿದ್ದ.

"ಸಾರ್, ಆಡಿಯೋ ಫೈಲು ನಾಲ್ಕೈದು ಹಾಕಿದ್ರೆ ಸಾಕಲ್ವಾ? ಆಯಮ್ಮ ಒಪ್ಕೊಂಡಿದಾರೆ. ಒಂದೊಂದಕ್ಕೂ ಲ್ಯಾಬಿಂದ ಸರ್ಟಿಫಿಕೇಟ್ ತರಿಸ್ಬೇಕು."

"ಮೂವತ್ತೊಂದೂ ಹಾಕಿ."

"ಸುಮ್ನೆ ಕೆಲ್ಸ ಜಾಸ್ತಿ ಸಾರ್."

"ನಾವು ಕೋರ್ಟಿಗೆ ಏನೇನು ಕೊಡ್ತೀವೋ ಅದರದ್ದೆಲ್ಲ ಒಂದೊಂದು ಕಾಪಿ ಆರೋಪಿಗೆ ಕೊಡಲೇಬೇಕು. ಪುಕ್ಕಟೆ. ಕಾನೂನು," ಎಂದ ರುದ್ರೇಶ. "ಐದು ಬರೆದ್ರೆ ಆ ಯಮ್ಮನಿಗೆ ಐದು ಸಿಗುತ್ತೆ."

ಚಿಕ್ಕಹನುಮಯ್ಯ ಹೊಸ ಹಾಳೆ ತೆಗೆದುಕೊಂಡ.

ಹನ್ನೊಂದು ಗಂಟೆಗೆ ಸಹಿ ಹಾಕಲು ರಾಮಕ್ಕ ಬಂದರು. ರುದ್ರೇಶ ಅವರನ್ನು ಕೂರಿಸಿ, ಯಾದಿ ತೋರಿಸಿ ವಿಷಯ ತಿಳಿಸಿದ. ಫೋನು ಕೇಸು ಮುಗಿಯುವವರೆಗೆ ಸಿಗುವುದಿಲ್ಲ, ಅದು ವರ್ಷಗಳ ಮಾತು. ಆಡಿಯೋ ಮಾತ್ರ ಪೆನ್‌ಡ್ರೈವಿನಲ್ಲಿ ಕೋರ್ಟಿನ ಮೂಲಕ ಸಿಗುತ್ತದೆ, ಎರಡು ತಿಂಗಳಾಗಬಹುದು.

"ಎಲ್ಲಾನೂ?"

"ಎಲ್ಲಾನೂ ಅಮ್ಮಾ."

ರಾಮಕ್ಕ ರಿಜಿಸ್ಟರಿನಲ್ಲಿ ಸಹಿ ಹಾಕಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಮೇಜಿನ ಮುಂದೆ ನಿಂತರು.

"ಸಾರ್, ಲ್ಯಾಬಲ್ಲಿ ಅದನ್ನ ಕ್ಲೀನ್ ಮಾಡ್ತಾರಂತೆ, ಬೇಡದ ಸದ್ದೆಲ್ಲ ತೆಗೀತಾರಂತೆ, ಹೌದಾ? ಇಪ್ಪತ್ಮೂರನೇದರಲ್ಲಿ ಕೊನೇಗೆ ಅವರು ಕೆಮ್ಮಿದಾರೆ. ತುಂಬ ಹೊತ್ತು ಕೆಮ್ಮಿ, ಆಮೇಲೆ, 'ಸಾಕು ರಾಮೀ, ನಾಳೆ ಓದೋಣ' ಅಂದಿದಾರೆ. ಅದು ಪುಸ್ತಕದ್ದಲ್ಲ ಅಂತ ತೆಗೆದುಬಿಡಬೇಡಿ."

ರುದ್ರೇಶ ಚಿಕ್ಕಹನುಮಯ್ಯನ ಮುಂದಿದ್ದ ಯಾದಿಯನ್ನು ತನ್ನ ಕಡೆ ಎಳೆದುಕೊಂಡು, ಇಪ್ಪತ್ತಮೂರನೇ ಕ್ರಮಸಂಖ್ಯೆಯ ಎದುರು ಷರಾ ಕಾಲಮ್ಮಿನಲ್ಲಿ ತನ್ನ ಕೈಯಾರೆ ಬರೆದ: 'ಈ ಕಡತದ ಕೊನೆಯಲ್ಲಿ ಕೆಮ್ಮು ಹಾಗೂ ಮಾತು ಇರುತ್ತದೆ. ಯಾವುದನ್ನೂ ತೆಗೆಯದೆ, ಇದ್ದುದನ್ನು ಇದ್ದ ಹಾಗೆಯೇ ಪ್ರತಿ ಮಾಡತಕ್ಕದ್ದು.'